ಗರಗಸದ ಜೋಡಿ ಕಟ್ಟಿದ ಗಾದಿಲಿಂಗಪ್ಪ

ಹಗ್ಗ ನನ್ನ ಕೈಯಲ್ಲಿತ್ತು, ಮಷಿನ್ ನೆಲದ ಮೇಲಿತ್ತು, ನಾನು ಎಮ್ಮೆಯ ಮುಸುರೆ ಬಾನಿಯಲ್ಲಿದ್ದೆ.

ಆದದ್ದು ಇಷ್ಟು. ಅಳವಂಡಿ ಕಡೆಗಿರುವ ನಮ್ಮ ತುಂಡು ಹೊಲದ ಬದುವಿನ ಮೇಲೆ ಒಂದು ಬೇವಿನ ಮರ ಗಾಳಿಗೆ ಅಡ್ಡಬಿದ್ದಿತ್ತು. ಅದನ್ನು ಕೊಯ್ಯಿಸೋಣವೆಂದು ಭಾನುವಾರ ಮುನಿರಾಬಾದಿನಿಂದ ಬಸ್ ಹತ್ತಿ ಗಾದಿಲಿಂಗಪ್ಪನ ಊರಿಗೆ ಹೋದೆ. ಆ ಸುತ್ತಿನಲ್ಲಿ ಉರುವಲು ಕೊಯ್ಯುವ ಗರಗಸದ ಮಷಿನ್ ಇಟ್ಟವನು ಅವನೊಬ್ಬನೇ. ನಾನು ಹೋದಾಗ ಅಂಗಳದಲ್ಲಿ ಕೂತು ಅದರ ಹಗ್ಗ ಎಳೆಯುತ್ತಿದ್ದ. ಮಷಿನ್ ಒಮ್ಮೆ ಕೆಮ್ಮುತ್ತಿತ್ತು, ಒಮ್ಮೆ ಅದೂ ಇಲ್ಲ.

ನಾನು ನೀರಾವರಿ ಕಚೇರಿಯ ಗುಮಾಸ್ತ. ಈ ಜನ್ಮದಲ್ಲಿ ನಾನು ಚಾಲೂ ಮಾಡಿದ ದೊಡ್ಡ ಯಂತ್ರವೆಂದರೆ ಕಚೇರಿಯ ಟೇಬಲ್ ಫ್ಯಾನು. ಆದರೆ ಊಟವಾದ ಮೇಲೆ ಫೋನಿನಲ್ಲಿ ವಿಡಿಯೋ ನೋಡುವ ಚಟವಿದೆ, ಹೀಗಾಗಿ ನನಗೆ ಬಾರದ ವಿದ್ಯೆ ಯಾವುದೂ ಉಳಿದಿಲ್ಲ.

“ಕೊಡ್ರಿ ಇಲ್ಲೆ, ಗಾದಿಲಿಂಗಣ್ಣ. ಅದಕ್ಕೊಂದು ಟೆಕ್ನಿಕ್ ಐತಿ,” ಎಂದೆ.

ಕೊಟ್ಟ. ಒಂದು ಕಾಲಿನಿಂದ ಮಷಿನ್ ತುಳಿದು, ಎದೆ ಉಬ್ಬಿಸಿ, ಎದುರಿನ ನಳದ ಮುಂದೆ ಕೊಡ ಇಟ್ಟುಕೊಂಡು ನಿಂತಿದ್ದ ಹೆಂಗಸರ ಕಡೆಗೆ ಒಂದು ಕಣ್ಣಿಟ್ಟು ಎಳೆದೆ. ಹಗ್ಗ ಬುಡಸಮೇತ ಕಿತ್ತು ಬಂತು. ನಾನು ಹಿಂದಕ್ಕೆ ಹೋದೆ, ಬಾನಿ ಅಲ್ಲೇ ಕಾದಿತ್ತು.

ನಳದ ಹತ್ತಿರ ಯಾರೂ ನಗಲಿಲ್ಲ. ಒಬ್ಬಾಕೆ ಮಾತ್ರ ಬಹಳ ಕಾಳಜಿಯಿಂದ, “ಮುದಕವ್ವಾ, ಎಮ್ಮಿಗೆ ಏನರ ಉಳೀತೇನ ನೋಡವ,” ಎಂದಳು.

ಮುದಕಮ್ಮ, ಅಂದರೆ ಗಾದಿಲಿಂಗಪ್ಪನ ಹೆಂಡತಿ, ಒಳಗಿನಿಂದ ಗಂಡನ ಲುಂಗಿ ತಂದುಕೊಟ್ಟಳು. ಅದನ್ನು ಸುತ್ತಿಕೊಂಡು ಕಟ್ಟೆಯ ಮೇಲೆ ಕೂತೆ. ಚಹಾ ಅಲ್ಲಿಗೇ ಬಂತು. “ತಪ್ಪಾತ್ರಿ, ಮಷಿನ್ ಕೆಡಿಸಿಬಿಟ್ಟೆ,” ಎಂದೆ.

“ನೀವೇನು ಕೆಡಸ್ತೀರಿ ಸಾಹೇಬ್ರ,” ಎಂದ ಗಾದಿಲಿಂಗಪ್ಪ. “ಅದರ ಎದಿನ ಒಡದೈತಿ. ರಿಪೇರಿ ಆಗಂಗಿಲ್ಲಂತ ಮೊನ್ನೇನ ಮೆಕ್ಯಾನಿಕ್ ಹೇಳಿ ಹೋಗ್ಯಾನ.”

“ಮತ್ತ ನನ್ನನ್ಯಾಕ ಎಳ್ಯಾಕ ಬಿಟ್ರಿ?”

“ಟೆಕ್ನಿಕ್ ಅಂದ್ರಿ. ನೋಡೂಣಂತ.”

ಅಷ್ಟರಲ್ಲಿ ಶರಣಬಸಪ್ಪ ಬಂದರು. ಊರಿನ ಸಾಮೂಹಿಕ ಮದುವೆ ಸಮಿತಿಯ ಅಧ್ಯಕ್ಷರು. ಬಿಳಿ ಅಂಗಿಯ ಜೇಬಿನಲ್ಲಿ ಎರಡು ಫೋನು, ಎರಡರಲ್ಲೂ ಒಂದೇ ಸಲ ಮಾತಾಡುವ ಸಾಮರ್ಥ್ಯ. ಗುರುವಾರ ಮದುವೆ, ಅದರ ಅಡುಗೆಗೆ ಬೇಕಾದ ಕಟ್ಟಿಗೆಯನ್ನು ಪ್ರತಿ ಸಲ ಗಾದಿಲಿಂಗಪ್ಪನೇ ಕೊಯ್ದು ಹಾಕುತ್ತಿದ್ದ. ಅವರು ಸತ್ತ ಮಷಿನ್ನನ್ನೂ, ಲುಂಗಿಯಲ್ಲಿದ್ದ ನನ್ನನ್ನೂ ನೋಡಿ ಲೆಕ್ಕ ಹಾಕಿಕೊಂಡರು.

“ನೋಡೋ ಗಾದಿಲಿಂಗ, ಬುಧವಾರ ಸಂಜಿ ಒಳಗ ಕಟಗಿ ಅಡಗಿ ಪೆಂಡಾಲಕ್ಕ ಬಂದು ಬಿದ್ದಿರಬೇಕು. ಇಲ್ಲಂದ್ರ ಸಿಲಿಂಡರ್ ತರಸ್ತೀನಿ. ಒಮ್ಮಿ ಸಿಲಿಂಡರ್ ಬಂದ್ವು ಅಂದ್ರ ಮುಂದಿನ ವರ್ಷದಿಂದ ನೀ ಬರೂದ ಬ್ಯಾಡ. ಬರೇ ಊಟಕ್ಕ ಬಾ.”

ಈ ಕೊನೆಯ ಮಾತನ್ನು ಅವರು ಉದಾರವಾಗಿಯೇ ಹೇಳಿದರು. ಆದರೆ ಗಾದಿಲಿಂಗಪ್ಪನ ಮುಖ ಕಪ್ಪಿಟ್ಟಿತು. ಅಳವಂಡಿಯ ಖಾನಾವಳಿಗಳು ಒಂದೊಂದಾಗಿ ಗ್ಯಾಸಿಗೆ ಹೋಗಿದ್ದವು. ಮದುವೆ ಅಡುಗೆಯೊಂದೇ ಅವನ ಕೈಯಲ್ಲಿ ಉಳಿದದ್ದು. ಸಮಿತಿಯೂ ಕೈಬಿಟ್ಟರೆ ಸುತ್ತಿನ ಊರುಗಳವರೂ ಅದನ್ನೇ ಹಿಡಿಯುತ್ತಾರೆ, ಆಮೇಲೆ ಅವನು ಮರ ಕೊಯ್ಯುವವನಲ್ಲ, ಮರದ ಕೆಳಗೆ ಕೂಡುವವನು.

ಇಂಥ ಹೊತ್ತಿನಲ್ಲಿ ಬೇರೆ ಯಾರಾದರೂ ಸೀದಾ ಹೋಗಿ ಹೊಸ ಮಷಿನ್ ತರುತ್ತಿದ್ದರು. ಗಾದಿಲಿಂಗಪ್ಪನಿಗೆ ಅದು ಸಾಧ್ಯವಿರಲಿಲ್ಲ. ಏಕೆಂದು ತಿಳಿಯಬೇಕಾದರೆ ಅವನ ಪೂರ್ವಾಶ್ರಮ ಗೊತ್ತಿರಬೇಕು.

ಗಾದಿಲಿಂಗಪ್ಪ ಎತ್ತಿನ ದಲಾಲಿ. ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಎಲ್ಲಿ ದನದ ಸಂತೆಯೋ ಅಲ್ಲಿ ಅವನ ಹೆಗಲ ಮೇಲಿನ ಟವೆಲ್ಲು. ಎತ್ತಿನ ಬೆಲೆಯನ್ನು ಬಾಯಿಂದ ಆಡುವ ಪದ್ಧತಿ ಇಲ್ಲ. ಕೊಳ್ಳುವವನೂ ಮಾರುವವನೂ ಟವೆಲ್ಲಿನ ಕೆಳಗೆ ಕೈ ಕೂಡಿಸಿ, ಬೆರಳು ಹಿಡಿದು, ಅಲ್ಲೇ ಏರಿಸಿ, ಅಲ್ಲೇ ಇಳಿಸಿ ಮುಗಿಸಬೇಕು. ಸುತ್ತ ನಿಂತವರಿಗೆ ಕಾಣುವುದು ಎರಡು ಮುಖ ಮಾತ್ರ. ಗಾದಿಲಿಂಗಪ್ಪನ ಮುಖದಲ್ಲಂತೂ ಏನೂ ಕಾಣುತ್ತಿರಲಿಲ್ಲ.

ಆಮೇಲೆ ಟ್ರ್ಯಾಕ್ಟರುಗಳು ಬಂದವು, ಎತ್ತುಗಳು ಹೋದವು. ಸಂತೆಯಲ್ಲಿ ಎತ್ತಿಗಿಂತ ದಲಾಲಿಗಳೇ ಹೆಚ್ಚಾದರು. ಕೆರೆ ಅಂಗಳದಲ್ಲಿ, ಹಳ್ಳದ ದಂಡೆಯಲ್ಲಿ ಬಳ್ಳಾರಿ ಜಾಲಿ ಮಾತ್ರ ಯಾರ ಅಪ್ಪಣೆಯೂ ಇಲ್ಲದೆ ಬೆಳೆಯುತ್ತಿತ್ತು. ಗಾದಿಲಿಂಗಪ್ಪ ಒಂದು ಗರಗಸದ ಮಷಿನ್ ತಂದು ಜಾಲಿ ಕೊಯ್ಯತೊಡಗಿದ. ಕಸುಬು ಬದಲಾಯಿತು, ಅವನು ಬದಲಾಗಲಿಲ್ಲ. ಮಷಿನ್ನನ್ನು ಬಿಸಿಲಲ್ಲಿ ಬಿಡುತ್ತಿರಲಿಲ್ಲ. ಊರವರು ಆಯುಧಪೂಜೆಗೆ ಯಂತ್ರ ತೊಳೆದರೆ ಇವನದು ಕಾರಹುಣ್ಣಿಮೆಗೆ. ಕೋಡಿಗೆ ಬಳಿಯುವ ಬಣ್ಣವನ್ನು ಅದರ ಹಿಡಿಕೆಗೆ ಬಳಿದು, ಕೊರಳು ಎಲ್ಲಿದೆಯೆಂದು ತಿಳಿಯದ್ದಕ್ಕೆ ಪೆಟ್ರೋಲ್ ಮುಚ್ಚಳಕ್ಕೆ ಗೆಜ್ಜೆ ಕಟ್ಟಿ, ಎತ್ತು ಓಡಿಸುವವರ ಹಿಂದೆ ಅದನ್ನು ಹೆಗಲ ಮೇಲೆ ಹೊತ್ತು ಓಣಿ ತುಂಬ ಓಡುತ್ತಿದ್ದ.

ಜಗತ್ತಿನ ಸಕಲ ವಸ್ತುಗಳನ್ನೂ ಅವನು ಎತ್ತಿನ ಹಾಗೆಯೇ ಆರಿಸುತ್ತಿದ್ದ. ಮಗಳನ್ನು ನೋಡಲು ಬಂದ ವರನನ್ನು ಕೆರೆಯ ತನಕ ನಡೆಸಿಕೊಂಡು ಹೋಗಿ, ಹಿಂದಿನಿಂದ ನಡಿಗೆ ನೋಡಿ, ಆಮೇಲೆ ಅವಲಕ್ಕಿ ಕೊಡಿಸಿದ. ಚುನಾವಣೆಗೆ ನಿಂತವರು ಮನೆಗೆ ಬಂದರೆ ಮೊದಲು ಹಲ್ಲು ನೋಡುತ್ತಿದ್ದ. ಅವರು ಹಲ್ಲು ತೋರಿಸುತ್ತಲೇ ಬರುವುದರಿಂದ ಅದು ಸುಲಭವಾಗಿತ್ತು.

“ಮಷಿನ್ ನಾನು ಆರಿಸಿಕೊಡ್ತೀನಿ,” ಎಂದೆ, ಲುಂಗಿ ಬಿಗಿಮಾಡಿಕೊಳ್ಳುತ್ತ. ಹೋದ ಮಾನ ಮರಳಿ ತರಲು ನನಗೆ ಬೇರೆ ದಾರಿ ಇರಲಿಲ್ಲ.

ಫೋನ್ ತೆಗೆದೆ. ನಾಲ್ಕೂವರೆ ನಕ್ಷತ್ರದ ಒಂದು ಮಷಿನ್ ಸಿಕ್ಕಿತು. ಸಾವಿರಾರು ಜನ ಹೊಗಳಿದ್ದರು. ಹಿಮದಲ್ಲಿ ನಿಂತ ಒಬ್ಬ ದಾಡಿಯ ಮನುಷ್ಯ ಅದರಿಂದ ಬೆಣ್ಣೆ ಕೊಯ್ದಂತೆ ಮರ ಕೊಯ್ಯುತ್ತಿದ್ದ. ಗಾದಿಲಿಂಗಪ್ಪನಿಗೆ ತೋರಿಸಿದೆ. ಕಣ್ಣು ಕಿರಿದುಮಾಡಿ ನೋಡಿದ.

“ಅಲ್ರಿ ಸಾಹೇಬ್ರ, ಈ ಮನಷ್ಯಾ ಜಾಲಿ ಕೊಯ್ದಾನೇನು?”

“ಇಲ್ಲ. ಅಲ್ಲಿ ಜಾಲಿ ಬೆಳೆಯಂಗಿಲ್ಲ.”

“ಹಂಗಾರ ಅವನ ಮಾತು ಅವನ ಊರಾಗ ನಡೀಲಿ.”

ಆದರೂ ನಾನು ಖರೀದಿಯ ಗುಂಡಿ ಒತ್ತಿದೆ. ಊರಿನ ಪಿನ್ ಕೋಡ್ ಹಾಕಿದ ಕೂಡಲೇ, ಈ ಸ್ಥಳಕ್ಕೆ ತಲುಪಿಸಲಾಗುವುದಿಲ್ಲ ಎಂದು ಫೋನ್ ಕೈಮುಗಿಯಿತು. ಸಾವಿರಾರು ಜನರ ಹೊಗಳಿಕೆ ಅಳವಂಡಿಯ ಈಚೆಗೆ ಬರಲಾರದೆ ನಿಂತಿತು.

ಸೋಮವಾರ ಕಚೇರಿಗೆ ರಜೆ ಹಾಕಿ, ಕೊಪ್ಪಳದ ಗಂಜ್ ಹತ್ತಿರದ ನಜೀಬನ ಅಂಗಡಿಗೆ ಅವನನ್ನು ಕರೆದುಕೊಂಡು ಹೋದೆ. ಹೊಲದ ಯಂತ್ರಗಳ ದೊಡ್ಡ ಅಂಗಡಿ. ಕೆಂಪು, ಕಿತ್ತಳೆ, ಹಳದಿ ಗರಗಸಗಳು ಸಾಲಾಗಿ ಕೂತಿದ್ದವು. ನಜೀಬ ಮೂವತ್ತರ ಆಸುಪಾಸಿನವನು, ಚುರುಕು, ಬಾಯಿ ತುಂಬ ಅಂಕಿಗಳು. ಮೂಲೆಯ ಕುರ್ಚಿಯಲ್ಲಿ ಅವನ ತಂದೆ ಮೌಲಾಹುಸೇನ ಕೂತಲ್ಲೇ ನಿದ್ದೆ ಹೋಗಿದ್ದರು.

“ಬರ್ರಿ ಕಾಕಾ. ಇದು ನೋಡ್ರಿ, ಐವತ್ತೆಂಟು ಸಿಸಿ, ಬಾರ್ ಇಪ್ಪತ್ತೆರಡು ಇಂಚು, ಆರು ತಿಂಗಳ ಗ್ಯಾರಂಟಿ,” ಎಂದು ನಜೀಬ ಕಿತ್ತಳೆ ಬಣ್ಣದ್ದನ್ನು ಎತ್ತಿ ಮೇಜಿನ ಮೇಲಿಟ್ಟ.

ಗಾದಿಲಿಂಗಪ್ಪ ಅದರ ಸುತ್ತ ಒಂದು ಸುತ್ತು ಬಂದ. ಹಿಂದೆ ನಿಂತು ನೋಡಿದ. ಬೆನ್ನ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿದ. ಆಮೇಲೆ ಕೇಳಿದ:

“ಯಾಕ ಮಾರಾಕತ್ತೀರಿ?”

ನಜೀಬ ನನ್ನ ಮುಖ ನೋಡಿದ. ಎತ್ತಿನ ಸಂತೆಯಲ್ಲಿ ಇದು ಮೊದಲ ಪ್ರಶ್ನೆ. ಮಳಿಗೆಯಲ್ಲಿ ಇದನ್ನು ಯಾರೂ ಕೇಳಿರಲಿಲ್ಲ.

“ಅಂಗಡಿ ಐತಲ್ರಿ ಕಾಕಾ, ಅದಕ್ಕ ಮಾರ್ತೀವಿ.”

“ಛಲೋ ಇದ್ದದ್ದು ಯಾರೂ ಮಾರಂಗಿಲ್ಲಪ. ಹುಟ್ಟಿದ್ದೆಲ್ಲಿ ಇದು?”

“ಜರ್ಮನ್ ಟೆಕ್ನಾಲಜಿ ರಿ. ತಯಾರಾಗಿದ್ದು ಚೀನಾದಾಗ.”

“ಅಂದ್ರ ಹೋರಿ ಒಂದೂರಂದು, ಆಕಳ ಒಂದೂರಂದು,” ಎಂದು ಗಾದಿಲಿಂಗಪ್ಪ, ಎತ್ತಿನ ಮೈಯ ಕೂದಲ ಸುಳಿ ನೋಡುವವನಂತೆ, ಮಷಿನ್ನಿನ ಮೇಲಿದ್ದ ಕಂಪನಿಯ ದುಂಡನೆಯ ಗುರುತಿನ ಮೇಲೆ ಬೆರಳಿಟ್ಟ. “ಸುಳಿ ಬೆನ್ನ ಮ್ಯಾಲ ಐತಿ. ಇದು ಹಿಡದವನ ಮನಿ ಏಳ್ಗಿ ಆಗಂಗಿಲ್ಲ. ಬ್ಯಾರೆ ತೋರಸು.”

ಹೀಗೆ ಹತ್ತಾರು ನೋಡಿದ. ಒಂದರ ಸುಳಿ ಸರಿಯಿಲ್ಲ, ಇನ್ನೊಂದು ನೋಡಿದರೆ ಹಾಯುವಂತಿದೆ, ಮತ್ತೊಂದು ಹೂಡಿದಲ್ಲೇ ಮಲಗುವ ಜಾತಿ. ಕೊನೆಗೆ ಕಿತ್ತಳೆ ಬಣ್ಣದ್ದೇ ಇನ್ನೊಂದು, ಗುರುತು ಎಡಮಗ್ಗುಲಿಗಿದ್ದದ್ದು, ಅವನ ಮನಸ್ಸಿಗೆ ಬಂತು. “ಇದನ್ನ ಹೂಡಿ ನೋಡ್ಬೇಕು,” ಎಂದ.

“ಪೆಟ್ರೋಲ್ ಹಾಕಿದ್ರ ಸೆಕೆಂಡ್ ಹ್ಯಾಂಡ್ ಆಗಿಬಿಡತೈತ್ರಿ ಕಾಕಾ!”

“ಮತ್ತೇನು, ಗ್ವಾದಲ್ಯಾಗ ಕಟ್ಟಿ ಆರತಿ ಮಾಡ್ಲೇನು?”

ನಾನು ನಡುವೆ ಬಾಯಿಹಾಕಿದೆ, “ಗ್ಯಾರಂಟಿ ಐತಲ್ರಿ ಗಾದಿಲಿಂಗಣ್ಣ, ತಗೊಂಡುಬಿಡ್ರಿ, ಬುಧವಾರ ಹತ್ತಿರ ಬಂತು.” ಬುಧವಾರ ಎಂಬ ಮಾತು ಅವನಿಗೆ ತಟ್ಟಿತು. ಹೆಗಲಿನ ಟವೆಲ್ ತೆಗೆದ. ಅದನ್ನು ಬಲಗೈ ಮೇಲೆ ಹೊದಿಸಿಕೊಂಡು, ಕೈಯನ್ನು ನಜೀಬನ ಹೊಟ್ಟೆಯ ಹತ್ತಿರ ತಂದ.

ನಜೀಬ ಎರಡು ಹೆಜ್ಜೆ ಹಿಂದೆ ಸರಿದ. “ಏನೈತ್ರಿ ಅದರಾಗ?”

“ಕೈ ಐತಿ.”

“ರೇಟ್ ಇಲ್ಲೇ ಬರದೈತಲ್ರಿ ಕಾಕಾ, ಸ್ಟಿಕರ್ ಮ್ಯಾಲ!”

“ಬರದ ರೇಟ್ ತಗೊಂಡು ಏನ್ಮಾಡ್ಲಿ? ಹಿಡಿ.”

ಈ ಗದ್ದಲಕ್ಕೆ ಮೂಲೆಯ ಮೌಲಾಹುಸೇನ ಕಣ್ಣು ಬಿಟ್ಟರು. ಮೊದಲು ಟವೆಲ್ ಕಂಡಿತು, ಆಮೇಲೆ ಮನುಷ್ಯ.

“ಏ ಗಾದ್ಯಾ! ಇನ್ನೂ ಅದೀಯೇನಲೇ?”

“ಏ ಮೌಲಾಸಾಬ! ನಿನ್ನ ಅಂಗಡಿ ಏನಿದು? ನೀ ಹಗ್ಗ-ಗೆಜ್ಜಿ ಮಾರ್ತಿದ್ದಿ!”

ಅವರೂ ಸಂತೆಯಲ್ಲಿ ಬೆಳೆದವರೇ. ಎತ್ತಿನ ಹಗ್ಗ, ಗೆಜ್ಜೆ ಮಾರುತ್ತ, ನಡುನಡುವೆ ದಲಾಲಿ ಮಾಡುತ್ತ ಮಗನಿಗೆ ಈ ಅಂಗಡಿ ಹಾಕಿಕೊಟ್ಟಿದ್ದರು. ಮಗ ಅವರಿಗೆ ಒಂದು ಕುರ್ಚಿ ಹಾಕಿಕೊಟ್ಟಿದ್ದ. ಈಗ ಆ ಕುರ್ಚಿಯಿಂದ ಅವರು ಎದ್ದ ರೀತಿ ನೋಡಿ ನಜೀಬನಿಗೇ ಗಾಬರಿಯಾಯಿತು. “ಸರಕೋಲೇ,” ಎಂದು ಮಗನನ್ನು ಪಕ್ಕಕ್ಕೆ ತಳ್ಳಿ, ಟವೆಲ್ಲಿನ ಕೆಳಗೆ ಕೈ ಹಾಕಿದರು.

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಸುತ್ತ ನೆರೆದರು. ಇಬ್ಬರ ಮುಖವೂ ಹೇಗಿತ್ತೆಂದರೆ, ಒಬ್ಬರ ಮನೆಯಲ್ಲಿ ಸಾವಾಗಿದೆ, ಇನ್ನೊಬ್ಬರು ಮಾತಾಡಿಸಿಕೊಂಡು ಹೋಗಲು ಬಂದಿದ್ದಾರೆ ಎನ್ನಬೇಕು. ಟವೆಲ್ ಮಾತ್ರ ಬೆಕ್ಕು ಹೊಕ್ಕ ಚೀಲದಂತೆ ಅಲುಗಾಡುತ್ತಿತ್ತು. ಮೌಲಾಹುಸೇನ ತಲೆ ಅಲ್ಲಾಡಿಸಿದರು. ಗಾದಿಲಿಂಗಪ್ಪ ಕೈ ಕಿತ್ತುಕೊಂಡು ಬಾಗಿಲ ತನಕ ಹೋದ. ಅವರು ಎಳೆದು ತಂದರು. ಕೊನೆಗೆ ಒಂದು ಸಲ ಟವೆಲ್ ಜೋರಾಗಿ ಅದುರಿ ನಿಂತಿತು.

“ಆತು,” ಎಂದರು ಮೌಲಾಹುಸೇನ.

“ಆತು,” ಎಂದ ಗಾದಿಲಿಂಗಪ್ಪ. ಮುಂಗಡದ ಸಂಚಕಾರವೆಂದು ಒಂದು ನೋಟನ್ನು ಅವರ ಅಂಗೈಗಿಟ್ಟ. ಅಲ್ಲಿಗೆ ಮಾತು ಮುಗಿಯಿತು. ಇನ್ನು ದೇವರು ಬಂದರೂ ವ್ಯಾಪಾರ ಹಿಂದಕ್ಕೆ ಹೋಗುವಂತಿಲ್ಲ.

ಆಮೇಲೆ ಗಾದಿಲಿಂಗಪ್ಪ ಎಡಗೈಯಲ್ಲಿ ಕಿತ್ತಳೆ ಮಷಿನ್ ಎತ್ತಿಕೊಂಡ. ಬಲಗೈಯಲ್ಲಿ ಅದರ ಪಕ್ಕದ್ದನ್ನು ಎತ್ತಿಕೊಂಡ.

“ಕಾಕಾ, ಕಾಕಾ! ಅದು ಯಾಕ್ರಿ?” ಎಂದ ನಜೀಬ.

“ಯಾಕಂದ್ರ? ಜೋಡಿ.”

ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ನಜೀಬನಿಗೆ ಇನ್ನೂ ಹೆಚ್ಚು. ಎತ್ತಿನ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಆದ ಬೆಲೆ ಎಂದರೆ ಜೋಡಿಯ ಬೆಲೆ. ಅದನ್ನು ಬಿಡಿಸಿ ಹೇಳುವ ರೂಢಿಯೂ ಇಲ್ಲ, ಕೇಳುವ ರೂಢಿಯೂ ಇಲ್ಲ.

“ಅಬ್ಬಾ! ಒಂದ ಮಷಿನ್ ಅಂತ ಹೇಳ್ರಿ ಅವರಿಗೆ!” ಎಂದು ನಜೀಬ ತಂದೆಯ ಕಡೆ ತಿರುಗಿದ.

ಮೌಲಾಹುಸೇನ ಅಂಗೈಯ ನೋಟನ್ನು ನೋಡಿದರು, ಮಗನನ್ನು ನೋಡಿದರು. ಬೆರಳುಗಳು ಎಷ್ಟೋ ವರ್ಷದ ಮೇಲೆ ಟವೆಲ್ ಕಂಡ ಹುರುಪಿನಲ್ಲಿ ಹಳೆಯ ಹಾದಿಯಲ್ಲೇ ನಡೆದುಬಿಟ್ಟಿದ್ದವು ಎಂಬುದು ಅವರಿಗೂ ಆಗಲೇ ತಿಳಿದಿರಬೇಕು. ಆದರೆ ಒಪ್ಪಿಕೊಳ್ಳುವ ಮನುಷ್ಯರಲ್ಲ.

“ನಿಮ್ಮಪ್ಪ ಒಂಟಿ ಎತ್ತು ಮಾರಿದ್ದು ಎಂದರ ಕೇಳೀಯೇನಲೇ? ಮಾತು ಆಗೈತಿ. ಕೊಡು.”

ಕೊಡುವುದು ಬಿಡುವುದು ಎಂದು ಅಪ್ಪ ಮಗನ ನಡುವೆ ಬಹಳ ಹೊತ್ತು ನಡೆಯಿತು. ಕೊನೆಗೆ ನಜೀಬ ಗೋದಾಮಿಗೆ ಹೋಗಿ, ಮೇಳಗಳಲ್ಲಿ ಜನರಿಗೆ ತೋರಿಸಿ ತೋರಿಸಿ ಬಣ್ಣ ಮಾಸಿದ ಒಂದು ಮಷಿನ್ ತಂದು ಮೇಜಿನ ಮೇಲೆ ಕುಕ್ಕಿದ. “ಹೊಸಾದು ಒಂದು, ಇದು ಒಂದು. ಜೋಡಿ ಆತಲ್ರಿ? ಒಯ್ರಿ. ಮತ್ತ ಬರಬ್ಯಾಡ್ರಿ.”

ಬೇರೆ ಯಾರಾದರೂ ಓಡಿಹೋಗುತ್ತಿದ್ದರು. ಗಾದಿಲಿಂಗಪ್ಪ ಎರಡನ್ನೂ ಪಕ್ಕಪಕ್ಕ ಇಟ್ಟು ದೂರ ನಿಂತು ನೋಡಿ, ಬೇಸರದಿಂದ ಹೇಳಿದ:

“ಬಣ್ಣ ಕೂಡ್ಲಿಲ್ಲ. ಅದಕ್ಕ ರೇಟಿನಾಗ ಏನರ ಬಿಡು.”

ನಜೀಬ ಉತ್ತರ ಕೊಡುವ ಮೊದಲು ನಾನು ಗಾದಿಲಿಂಗಪ್ಪನ ತೋಳು ಹಿಡಿದು ಹೊರಗೆ ತಂದೆ. ಬಸ್ಸಿನಲ್ಲಿ ಒಂದನ್ನು ಅವನು, ಒಂದನ್ನು ನಾನು ತೊಡೆಯ ಮೇಲೆ ಇಟ್ಟುಕೊಂಡು ಕೂತೆವು. ಉಳಿದ ಹಣವನ್ನೂ ಅವನು ಟವೆಲ್ಲಿನ ಮರೆಯಲ್ಲೇ ಮೌಲಾಹುಸೇನರಿಗೆ ಎಣಿಸಿಕೊಟ್ಟಿದ್ದ. ಎಷ್ಟಕ್ಕೆ ಆಯಿತೆಂದು ದಾರಿಯುದ್ದಕ್ಕೂ ಕೇಳಿದೆ. ಟವೆಲ್ಲಿನ ಕೆಳಗಿನ ಮಾತು ಮೇಲೆ ಬರುವುದಿಲ್ಲ ಎಂದ.

ಮಂಗಳವಾರ ಮುಂಜಾನೆ ಕೆರೆ ಅಂಗಳದಲ್ಲಿ ಜನ ಸೇರಿತ್ತು. ಶರಣಬಸಪ್ಪನವರೂ ಬಂದಿದ್ದರು, ಕೈಯಲ್ಲಿ ಗ್ಯಾಸಿನವರ ನಂಬರು ತೆಗೆದಿಟ್ಟ ಫೋನು. ನಾನು ಇನ್ನೊಂದು ರಜೆ ಹಾಕಿದ್ದೆ. ಗಾದಿಲಿಂಗಪ್ಪ ಹೊಸ ಮಷಿನ್ನಿಗೆ ಅರಿಶಿನ ಹಚ್ಚಿ, ಕಾಯಿ ಒಡೆದು ಹಗ್ಗ ಎಳೆದ. ಏನೂ ಆಗಲಿಲ್ಲ. ಮತ್ತೆ ಎಳೆದ. ಅಂಗಿ ಬೆವರಿನಲ್ಲಿ ತೊಯ್ಯುವ ತನಕ ಎಳೆದ. ಎಡಮಗ್ಗುಲಿಗೆ ಸುಳಿ ಇದ್ದ, ಸರ್ವಲಕ್ಷಣಗಳ ಆ ಮಷಿನ್ ಮುಷ್ಕರ ಹೂಡಿದ ಸಾರಿಗೆ ನೌಕರನಂತೆ ತಣ್ಣಗೆ ಕೂತಿತ್ತು.

“ಬ್ಯಾರೆ ಊರಿಂದ ಬಂದೈತಿ. ನೀರು-ನೆಳ್ಳಿಗೆ ಹೊಂದ್ಕೊಬೇಕು,” ಎಂದು ಗಾದಿಲಿಂಗಪ್ಪ ಅದನ್ನು ನೆರಳಿಗೆ ಒಯ್ದು ಇಟ್ಟ.

ನಾನು ಫೋನ್ ತೆಗೆದು, ಕಾರ್ಬುರೇಟರಿನ ಮೇಲೆ ಒಂದು ದೀರ್ಘ ವಿಡಿಯೋ ಹಾಕಿ, ಎಲ್ಲರಿಗೂ ಕೇಳುವಂತೆ ದನಿ ಏರಿಸಿದೆ. ಅದು ಸ್ಪ್ಯಾನಿಷ್ ಭಾಷೆಯಲ್ಲಿತ್ತು.

ಶರಣಬಸಪ್ಪನವರು ಫೋನ್ ಕಿವಿಗಿಟ್ಟರು. “ಹಲೋ, ದೊಡ್ಡ ಸಿಲಿಂಡರ್ ಎಷ್ಟು ಅದಾವ್ರಿ…”

ಬುತ್ತಿ ತಂದಿದ್ದ ಮುದಕಮ್ಮ ಬುಟ್ಟಿ ಇಳಿಸಿ ಮಷಿನ್ ಹತ್ತಿರ ಬಂದಳು. ಅದರ ಪಕ್ಕದಲ್ಲಿ ಒಂದು ಸಣ್ಣ ಗುಂಡಿಯಿತ್ತು. “ಇದು ಕೆಳಗ ಬಿದ್ದೈತಲ್ಲ, ಮ್ಯಾಲ ಇರಬೇಕೇನು?” ಎಂದು ಬೆರಳಿನಿಂದ ಮೇಲಕ್ಕೆ ತಳ್ಳಿದಳು.

ಗಾದಿಲಿಂಗಪ್ಪ ಎಳೆದ. ಮಷಿನ್ ಗುಡುಗಿತು. ಕೆರೆ ಅಂಗಳದ ಕೊಕ್ಕರೆಗಳೆಲ್ಲ ಎದ್ದು ಹಾರಿದವು.

“ನಿನಗ ಹ್ಯಾಂಗ ಗೊತ್ತಾತಬೇ?” ಎಂದು ಯಾರೋ ಕೂಗಿದರು.

“ನಮ್ಮ ಮನ್ಯಾಗ ಯಾವುದು ನಡೀಲಿಲ್ಲಂದ್ರೂ ಇವ್ರು ಬಟನ್ ಹಾಕಿರಂಗಿಲ್ಲ,” ಎಂದು ಆಕೆ ಬುತ್ತಿ ಬಿಚ್ಚತೊಡಗಿದಳು.

“ಹೊಂದ್ಕೊಂತು ನೋಡ್ರಿ,” ಎಂದ ಗಾದಿಲಿಂಗಪ್ಪ ನನಗೆ.

ಆಮೇಲಿನದು ನೋಡುವ ಹಾಗಿತ್ತು. ಕಿತ್ತಳೆ ಮಷಿನ್ ಜಾಲಿಯ ಬೊಡ್ಡೆ ತಿಂದು ತಿಂದು ಕಾದುಹೋದರೆ ಅದನ್ನು ಬಿಚ್ಚಿದ ಎತ್ತಿನಂತೆ ನೆರಳಿಗೆ ಕಳಿಸಿ, ಮಾಸಿದ್ದನ್ನು ಹೂಡುತ್ತಿದ್ದ. ಅದು ದಣಿದರೆ ಇದು. ಒಂದನ್ನು ‘ಎಡಗಡೇದು’ ಎಂದೂ ಇನ್ನೊಂದನ್ನು ‘ಬಲಗಡೇದು’ ಎಂದೂ ಕರೆಯುತ್ತಿದ್ದ. ಬಲಗಡೆಯದಕ್ಕೆ ಮೈಗಳ್ಳತನವೆಂದು ಬೈಗುಳವೂ ಸಲ್ಲುತ್ತಿತ್ತು. ಬುಧವಾರ ಬಿಸಿಲು ಇಳಿಯುವ ಮೊದಲೇ ಟ್ರ್ಯಾಕ್ಟರುಗಳು ಅಡುಗೆ ಪೆಂಡಾಲಿನ ಹಿಂದೆ ಕಟ್ಟಿಗೆ ಸುರಿದವು. ಶರಣಬಸಪ್ಪನವರು ರಾಶಿಯ ಸುತ್ತ ನಡೆದು, ಕೊರತೆ ಏನೂ ಸಿಗದೆ, “ಇಷ್ಟು ಯಾಕ ತಂದಿ?” ಎಂದು ಗದರಿದರು. ಆಮೇಲೆ ಫೋನ್ ತೆಗೆದು ಸಿಲಿಂಡರ್ ಬೇಡವೆಂದರು. ನನ್ನ ಬೇವಿನ ಮರ ಈ ಭರಾಟೆಯಲ್ಲಿ ಯಾರಿಗೂ ನೆನಪಾಗಲಿಲ್ಲ, ಇನ್ನೂ ಬಿದ್ದಲ್ಲೇ ಇದೆ.

ಗುರುವಾರ ಅಕ್ಷತೆ ಬಿತ್ತು. ಗೋಧಿ ಹುಗ್ಗಿಯ ಕೊಪ್ಪರಿಗೆಗಳ ಕೆಳಗೆ ಜಾಲಿ ಕಟ್ಟಿಗೆ ಸಿಡಿಸಿಡಿದು ಉರಿಯಿತು. ಹುಗ್ಗಿ ತಳ ಸ್ವಲ್ಪ ಹಿಡಿದಿತ್ತು. ಉಂಡವರೆಲ್ಲ ಅದನ್ನೇ ಕಟ್ಟಿಗೆ ಉರಿಯ ರುಚಿ ಎಂದು ಹೊಗಳಿ ಇನ್ನೊಂದು ಸಟ್ಟುಗ ಹಾಕಿಸಿಕೊಂಡರು. ಶರಣಬಸಪ್ಪನವರು ಈ ಹೊಗಳಿಕೆ ಸಮಿತಿಗೇ ಸೇರಿದ್ದೆಂದು ತಿಳಿದು ಗಾದಿಲಿಂಗಪ್ಪನಿಗೆ ಶಾಲು ಹೊದಿಸಿ, ಮುಂದಿನ ವರ್ಷವೂ ಕಟ್ಟಿಗೆಯೇ ಎಂದು ಸಾರಿ, ಎರಡು ಮಾತು ಆಡೆಂದು ಮೈಕ್ ಕೊಟ್ಟರು. ಸಂತೆಯಲ್ಲಿ ಗಿರಾಕಿಗಳನ್ನು ಕೂಗಿ ಕರೆದ ಗಂಟಲು ಅವನದು. ಕಟ್ಟಿಗೆ ಉರಿಯೇ ಉರಿ, ಹಿರಿಯರು ಅದರ ಮೇಲೆ ಉಂಡೇ ನೂರು ವರ್ಷ ಬಾಳಿದರು, ಆ ರುಚಿ ಬಿಟ್ಟವನು ಕೆಟ್ಟ ಎಂದು ಹೇಳಿದ. ಹೆಂಗಸರ ಸಾಲಿನಲ್ಲಿ ಮುದಕಮ್ಮ ತಲೆ ಎತ್ತದೆ ಉಣ್ಣುತ್ತಿದ್ದಳು. ಚಪ್ಪಾಳೆ ಬಿತ್ತು. ನನಗೂ ಎದೆ ತುಂಬಿತು.

ಅವನು ಬಂದು ಪಂಕ್ತಿಯಲ್ಲಿ ನನ್ನ ಪಕ್ಕ ಕೂತ. ಹುಗ್ಗಿಗೆ ತುಪ್ಪ ಹಾಕಿಸಿಕೊಂಡ.

“ಅಂದಂಗ ಗಾದಿಲಿಂಗಣ್ಣ,” ಎಂದೆ, “ನಿಮ್ಮ ಮನ್ಯಾಗ ದಿನಾ ಇಂಥಾ ರುಚಿ ಇರಬೇಕಲ್ರಿ. ಒಲಿ ಒಂದೈತೋ, ಎರಡೋ?”

“ಗ್ಯಾಸ್ ಐತ್ರಿ,” ಎಂದ, ತುಪ್ಪ ಕಲಸುತ್ತ. “ಕಟಗಿ ಉರಿ ನಂಬಾಕ ಬರಂಗಿಲ್ಲ.”